ಟೀಚರ್ ಹಿಡಿದು ನಿಂತ ಆಂಟೆನಾ

ಚಾಕ್ ಹಿಡಿದು ಹಿಡಿದು ಟೀಚರ್ ಅವರ ಬಲಗೈ ತೋರುಬೆರಳಿನ ತುದಿ ಒಂದು ಬದಿಗೆ ಬಾಗಿಬಿಟ್ಟಿತ್ತು. ತಿರುವನಂತಪುರದ ಪಟ್ಟಂನಲ್ಲಿ ಅವರ ಹೆಂಚಿನ ಮನೆಯ ಒಂದು ಭಾಗದಲ್ಲಿ ನಾನು ಬಾಡಿಗೆಗಿದ್ದೆ. ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ವಿಧವೆ. ನನ್ನನ್ನು ‘ಮೋನೇ’ ಎಂದು ಮಗನಂತೆ ಕರೆಯುತ್ತಿದ್ದರು. ನನ್ನ ಹರಕು ಮಲಯಾಳವನ್ನು ತಿದ್ದದೆ ಬಿಡುತ್ತಿರಲಿಲ್ಲ. ಫ್ಯೂಸ್ ಹೋದರೆ ಸ್ಟೂಲ್ ಹತ್ತುವವರು ಅವರೇ. “ಯಾಕೆ ಹೋಯ್ತು ಅಂತ ಮೊದಲು ಹೇಳು, ಆಮೇಲೆ ಸರಿಮಾಡೋಣ” ಎನ್ನುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಆ ಊರಿಗೆ ಇನ್ನೂ ಟೆಲಿವಿಷನ್ ಬಂದಿರಲಿಲ್ಲ. ಕೊಲಂಬೊದಲ್ಲಿ ಹೊಸದಾಗಿ ಶುರುವಾಗಿದ್ದ ಪ್ರಸಾರವನ್ನು ಹಿಡಿಯಲು ನನ್ನ ಕಚೇರಿಯ ಗೆಳೆಯರು ಮನೆಯ ಮೇಲೆ ಆಂಟೆನಾ ಕಟ್ಟುತ್ತಿದ್ದರು. ಒಂದು ದಿನ ಟೀಚರ್ ದನಿ ತಗ್ಗಿಸಿ ಕೇಳಿದರು: “ಮೋನೇ, ನಮ್ಮ ಅಟ್ಟದೊಳಗೆ ಕಟ್ಟಿದರೆ ಸಿಗುತ್ತಾ?”

“ಅಟ್ಟದಲ್ಲಿ ಯಾಕೆ ಟೀಚರ್?”

“ಮೇಲೆ ಕಟ್ಟಿದರೆ ಚೇಟ್ಟನಿಗೆ ಕಾಣುತ್ತೆ.”

ಚೇಟ್ಟ ಎಂದರೆ ಪಕ್ಕದ ಮನೆಯಲ್ಲಿದ್ದ ಅವರ ಅಣ್ಣ. ಟೀಚರ್ ಅವರ ಒಬ್ಬಳೇ ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಕೊಲಂಬೊಗೆ ಹೋದಾಗ, ಅವಳ ಹೆಸರು ಈ ಅಂಗಳದಲ್ಲಿ ಕೇಳಿಸಬಾರದು ಎಂದಿದ್ದವರು. ಹನ್ನೊಂದು ವರ್ಷ ಟೀಚರ್ ಆ ಮಾತು ಮೀರಿರಲಿಲ್ಲ. ಈಗ ಮಗಳು ಬರುವ ಶನಿವಾರ ಸಂಜೆ ಟೆಲಿವಿಷನ್‌ನಲ್ಲಿ ಹಾಡುತ್ತಾಳೆಂದು ಅಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಗದ ಬರೆದಿದ್ದಳು.

ಆ ಶನಿವಾರ ಅಣ್ಣ ಕೊಲ್ಲಂಗೆ ಹೊರಟಿದ್ದರು. ಗೆಳೆಯನ ಟೀವಿಯನ್ನು ಚಾದರದಲ್ಲಿ ಸುತ್ತಿ, ಆಂಟೆನಾ ಸಮೇತ ತಂದೆ. ಅದರ ಗುಂಡಿಗಳು ನನಗಷ್ಟೇ ಗೊತ್ತಿದ್ದುದರಿಂದ ಟೀಚರೇ ಏಣಿ ಹತ್ತಿ ಅಟ್ಟಕ್ಕೆ ಹೋದರು. ಹೆಂಚಿನ ಕಾವು ಇನ್ನೂ ಆರಿರಲಿಲ್ಲ. ಆಂಟೆನಾವನ್ನು ಆಗ್ನೇಯಕ್ಕೆ ಒಂದೊಂದೇ ಬೆರಳಷ್ಟು ತಿರುಗಿಸುತ್ತ ಅವರು “ಈಗ?” ಎನ್ನುವುದು, ನಾನು “ಇಲ್ಲ” ಎನ್ನುವುದು. ತೆರೆಯ ತುಂಬ ಬರೀ ಬಿಳಿ ಚುಕ್ಕೆ. ಹೇಳಿದ ಹೊತ್ತು ಮೀರುತ್ತಿತ್ತು. ಅಷ್ಟರಲ್ಲಿ ಒಂದು ಮುಖ ಮೂಡಿತು. ಟೀಚರ್ ಅವರದೇ ಹಣೆ, ಅವರದೇ ಗದ್ದ.

“ಬಂತು ಟೀಚರ್! ಇಳಿದು ಬನ್ನಿ!”

ಅವರು ಕೈಬಿಟ್ಟೊಡನೆ ಮುಖ ಅಳಿಸಿಹೋಯಿತು. ಮತ್ತೆ ಹಿಡಿದರು, ಮತ್ತೆ ಬಂತು. ನಾನು ಗುಂಡಿ ಬಿಟ್ಟರೂ ಚಿತ್ರ ಜಾರುತ್ತಿತ್ತು.

“ನಾನು ಹಿಡಿದಿರ್ತೀನಿ. ನೀನೇ ನೋಡಿ ಹೇಳು. ಹೇಗಿದ್ದಾಳೆ?”

ಹೇಳಲು ಬಾಯಿ ತೆರೆದವನು ಬಾಗಿಲ ಕಡೆ ನೋಡಿ ಹಾಗೇ ಉಳಿದೆ. ಕಂಕುಳಲ್ಲಿ ಚೀಲ ಇಟ್ಟುಕೊಂಡು ಅಣ್ಣ ನಿಂತಿದ್ದರು. ಬಸ್ಸು ತಪ್ಪಿತ್ತೋ ಏನೋ. ತೆರೆಯನ್ನು ನೋಡಿದರು, ಏಣಿಯನ್ನು ನೋಡಿದರು. “ಮೋನೇ, ಯಾಕೆ ಸುಮ್ಮನಾದೆ?” ಎಂದು ಮೇಲಿನಿಂದ ಟೀಚರ್ ಕೂಗುತ್ತಿದ್ದರು.

ಅಣ್ಣ ಚೀಲ ಕೆಳಗಿಟ್ಟರು. ಉಟ್ಟ ಮುಂಡನ್ನು ಎತ್ತಿ ಕಟ್ಟಿ ಏಣಿ ಹತ್ತಿದರು.

“ಇಲ್ಲಿ ಕೊಡು. ನೀನು ಇಳಿ.”

ಕೈ ಬದಲಾಗುವಾಗ ಚಿತ್ರ ಹೋಯಿತು. ಟೀಚರ್ ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರಳಿ ಬಂತು. ಹಾಡು ಮುಗಿಯುತ್ತ ಬಂದಿತ್ತು.

“ಸೊರಗಿದ್ದಾಳೆ” ಎಂದರು ಟೀಚರ್.

“ಕಾಣ್ತಾ ಇದೆಯಾ?” ಎಂದು ಅಣ್ಣ ಅಟ್ಟದಿಂದ ಕೇಳುತ್ತಲೇ ಇದ್ದರು.

ಆ ವಾರವೇ ಅಣ್ಣ ಕೊಲಂಬೊಗೆ ಕಾಗದ ಬರೆದರು. ಕೆಲವು ವರ್ಷಗಳ ಮೇಲೆ, ನಾನು ವರ್ಗವಾಗಿ ಕೊಚ್ಚಿಯಲ್ಲಿದ್ದಾಗ, ಗುರುತಿಲ್ಲದ ಕೈಬರಹದ ಕಾಗದವೊಂದು ಬಂತು: “ಅಮ್ಮ ಹೋದರು. ಮೂರು ತಿಂಗಳಿಂದ ನಾನು ಜೊತೆಗೇ ಇದ್ದೆ. ಕೊನೆಯ ದಿನ ಹಾಡು ಎಂದರು. ಹಾಡಿದೆ.”