ತಲೆಕೆಳಗೆ ಇಟ್ಟ ಛತ್ರಿ ಹುಲ್ಲು

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಹೈಸ್ಕೂಲು ಓದಿದವನಿಗೆ ಬರವಣಿಗೆ ಎಲ್ಲಿ ಬರುತ್ತದೆ ಎಂಬುದು ನೆಪ. ಬರೆದರೆ ನಾನು ಎಂಥವನೆಂದು ತಿಳಿದುಬಿಡುತ್ತದೆ, ಅದಕ್ಕೇ ಮುಂದೂಡಿದೆ.

ಕಾಶಿಯ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನಮ್ಮ ಮನೆ. ಕರ್ನಾಟಕದ ಯಾತ್ರಿಕರನ್ನು ಇಳಿಸಿಕೊಂಡು ಶ್ರಾದ್ಧ ಮಾಡಿಸುವುದು ಕಸುಬು. ಅಣ್ಣ ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಅಡುಗೆ ಮೊದಲಿನಂತೆ ಅತ್ತಿಗೆಯದೇ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ವಿಶ್ವವಿದ್ಯಾಲಯದ ಕನ್ನಡದ ಮೇಷ್ಟ್ರೊಬ್ಬರು ಅತ್ತಿಗೆಗೆ ಒಂದು ಹುಲ್ಲಿನ ಬುಡ ತಂದುಕೊಟ್ಟರು. ಜೇಕಿನ ಜಾತಿಯದು. ನೆಟ್ಟಗಿನ ಹಸಿರು ಕಡ್ಡಿ, ತುದಿಯಲ್ಲಿ ಛತ್ರಿ ಬಿಚ್ಚಿದಂತೆ ಎಲೆ. ಬುಡ ಸದಾ ನೀರಲ್ಲಿ ನಿಂತಿರಬೇಕು, ಒಣಗಿದರೆ ಹೋಯಿತು ಎಂದಿದ್ದರು.

ಗಂಗೆಯ ನೆರೆ ಇಳಿದಾಗ ಮೆಟ್ಟಿಲ ಮೇಲೆ ಉಳಿಯುವ ಮೆಕ್ಕಲು ಮಣ್ಣನ್ನು ಅತ್ತಿಗೆ ಹೊತ್ತು ತಂದು, ಅಂಗಳದ ಒಡಕು ಬಾನಿಯಲ್ಲಿ ಅದನ್ನು ನೆಟ್ಟರು. ಎರಡು ವರ್ಷದಲ್ಲಿ ಬಾನಿ ತುಂಬಿತು.

ಆ ಬೇಸಗೆ ನಮ್ಮ ಮನೆಗೆ ಯಾತ್ರಿಕರು ಕಡಿಮೆಯಾದರು. ಇದೇ ಕಸುಬಿನ ಎದುರು ಮನೆಯಲ್ಲಿ ಮಾತ್ರ ಊಟದ ಎಲೆ ಹಾಕಲು ಜಾಗವಿಲ್ಲ. ಅತ್ತಿಗೆ ಆ ಮನೆಯವರೊಡನೆ ಕಿಟಕಿಯಲ್ಲಿ ಮಾತಾಡುವುದನ್ನು ನಾನು ಗಮನಿಸತೊಡಗಿದೆ. ಬಾನಿಯಲ್ಲಿ ಛತ್ರಿಗಳೂ ಕಡಿಮೆಯಾಗುತ್ತಿದ್ದವು.

"ಕಡ್ಡಿ ಯಾರು ಕತ್ತರಿಸಿದ್ದು?"

"ನಾನೇ ಕಣೋ. ಬಿಸಿಗಾಳಿಗೆ ಎಲೆ ತುದಿ ಸುಟ್ಟುಹೋಗಿತ್ತು."

"ಕತ್ತರಿಸಿದ ಛತ್ರಿ ಎಲ್ಲಿ?"

"ಅದಕ್ಕೂ ಪಂಚಾಂಗ ನೋಡ್ಬೇಕಾ? ಸಾರು ಆರ್ತಾ ಇದೆ, ಉಣ್ಣು."

ನಕ್ಕರು. ಆ ನಗುವೇ, ಇವರು ಎದುರು ಮನೆಯವರ ಪರ ಎಂಬ ನನ್ನ ಅನುಮಾನವನ್ನು ಬಲಪಡಿಸಿತು.

ಮರುದಿನ ಮನೆಯ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಹುಡುಕಿದೆ. ಬಟ್ಟೆ ಮುಚ್ಚಿದ ಮಣ್ಣಿನ ಮಡಕೆ. ಒಳಗೆ ನೀರು, ನೀರಲ್ಲಿ ಆ ಛತ್ರಿಗಳು, ಎಲೆಗಳನ್ನು ಮೊಟಕಾಗಿ ಕತ್ತರಿಸಿ ತಲೆಕೆಳಗಾಗಿ ಇಟ್ಟಿದ್ದರು. ನಮ್ಮ ಕಸುಬಿನಲ್ಲಿ ಜನಿವಾರ ಬಲಕ್ಕೆ ಹಾಕಿ ತಿರುಗುಮುರುಗಾಗಿ ಮಾಡುವುದೆಲ್ಲ ಸತ್ತವರ ಕೆಲಸ. ಹಾಗಾಗಿ ನನಗೆ ಬೇರೇನೂ ಹೊಳೆಯಲಿಲ್ಲ. ಇದು ಟೋಟ್ಕಾ, ಮಾಟ. ಮನೆ ಮಗುಚಲೆಂದು ಮಾಡಿದ್ದು.

ಮಡಕೆಯನ್ನು ಅಂಗಳಕ್ಕೆ ತಂದು, ಹೆಂಡತಿ ಮಕ್ಕಳ ಎದುರು ಕೇಳಿದೆ: "ಯಾರ ತಿಥಿಗೆ ಇದು?"

"ಹುಚ್ಚಪ್ಪಾ, ಬೇರು ಬಿಡ್ಲಿ ಅಂತ ಕಣೋ! ಬಿಸಿಲು ತಾಗದೆ ಇರ್ಲಿ ಅಂತ ಮುಚ್ಚಿಟ್ಟೆ. ಎದುರು ಮನೆಯವಳೂ ಒಂದು ಕೇಳಿದ್ಲು."

"ತಲೆಯಿಂದ ಬೇರು ಬರುತ್ತಾ? ನನ್ನ ಕಿವಿ ಮೇಲೆ ಹೂ ಇಡಬೇಡಿ."

"ಹದಿನೈದು ದಿನ ತಾಳು. ಕಣ್ಣಾರೆ ನೋಡು."

ತಾಳಲಿಲ್ಲ. ಮಡಕೆಯನ್ನು ಚರಂಡಿಗೆ ಸುರಿದೆ. ನಾಳೆಯಿಂದ ಅಡುಗೆಮನೆಗೆ ಬರಬೇಡಿ ಎಂದೆ. ಶ್ರಾದ್ಧದ ಅಡುಗೆ ಮಾಡುವವರ ಕೈಯನ್ನು ಶಂಕಿಸಿದ ಮೇಲೆ ಆ ಮನೆಯಲ್ಲಿ ಅವರಿಗೆ ಏನು ಉಳಿಯಿತು? ಮರುದಿನ ಬೆಳಿಗ್ಗೆ ಒಂದು ಟ್ರಂಕು ಹಿಡಿದು, ಸಾರನಾಥದಲ್ಲಿದ್ದ ತಂಗಿಯ ಮನೆಗೆ ಹೋದರು. ಆಟೋ ಸಿಗುವವರೆಗೂ ಯಾರೂ ಜೊತೆಗೆ ನಡೆಯಲಿಲ್ಲ. ನಾನು ಬಿಡಲಿಲ್ಲ.

ಮಳೆ ಬಂತು. ಚರಂಡಿಯ ಅಂಚಿನ ಕೆಸರಿನಲ್ಲಿ ಒಂದು ಛತ್ರಿ ಸಿಕ್ಕಿಕೊಂಡಿತ್ತು. ಎತ್ತಿ ನೋಡಿದರೆ ಎಲೆಗಳ ನಡುವಿನಿಂದ ಬಿಳಿ ಬೇರು, ಬೇರಿನ ಪಕ್ಕದಲ್ಲೇ ಎರಡು ಪುಟ್ಟ ಛತ್ರಿ. ಎದುರು ಮನೆಯವರು ಯಾತ್ರಿಕರನ್ನು ಕರೆತರಲು ಸ್ಟೇಷನ್ನಿಗೇ ಆಳು ಕಳಿಸುತ್ತಿದ್ದರೆಂಬುದೂ ಆ ತಿಂಗಳೇ ತಿಳಿಯಿತು.

ಆ ಸಸಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಸಾರನಾಥಕ್ಕೆ ಹೋದೆ. ಅವರು ಅದನ್ನು ತಿರುಗಿಸಿ ನೋಡಿದರು. ನನ್ನ ಮುಖ ನೋಡಲಿಲ್ಲ.

"ಬಾನೀಲಿ ಸೊಳ್ಳೆ ಆಗುತ್ತೆ. ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ಹಾಕು."

"ಹೂಂ" ಎಂದೆ. ಕೊಟ್ಟ ಚಹಾ ಕುಡಿದೆ. ತಪ್ಪಾಯಿತು ಎಂಬ ಮಾತು ಬಾಯಿಯವರೆಗೆ ಬಂತು, ಆದರೆ ಆಡದೆ ಎದ್ದು ಬಾಗಿಲು ದಾಟಿದೆ. ಮುಂದಿನ ಚಳಿಗಾಲದಲ್ಲಿ ಅವರು ತೀರಿಹೋದರು.

ಬಾನಿ ಈಗಲೂ ಇದೆ. ಪ್ರತಿ ವರ್ಷ ನಾನೇ ಛತ್ರಿ ಕತ್ತರಿಸಿ, ತಲೆಕೆಳಗೆ ನೀರಲ್ಲಿ ಇಡುತ್ತೇನೆ. ನೋಡಿದ ಯಾತ್ರಿಕರು, ಇದನ್ನು ಯಾರು ಹೇಳಿಕೊಟ್ಟರು ಎನ್ನುತ್ತಾರೆ. ಇಷ್ಟು ದಿನ ಮೇಷ್ಟ್ರ ಹೆಸರು ಹೇಳಿದೆ. ಅವರಲ್ಲ. ಹೇಳಿಕೊಟ್ಟವರು ನನ್ನ ಅತ್ತಿಗೆ.