ವಾರಿಜಾ ಆಂಟಿ ಮತ್ತು ಎರಡು ಹೋಳಾದ ಕಲ್ಲು

ವಾರಿಜಾ ಆಂಟಿ ತಲೆ ಎತ್ತಿ ನಡೆದದ್ದನ್ನು ಪರ್ತಿನಲ್ಲಿ ಯಾರೂ ಕಂಡಿರಲಿಲ್ಲ. ಮೋರ್ಲಿ ಬಡಾವಣೆಯ ಮಾಲಿನ ಕಾರ್ ಪಾರ್ಕಿನಲ್ಲೂ ಅವರ ದೃಷ್ಟಿ ನೆಲದ ಮೇಲೆಯೇ. ಮೈಸೂರಿನವರು, ವೃತ್ತಿಯಿಂದ ಪುರಾತತ್ವಜ್ಞೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಮರುಭೂಮಿಯಲ್ಲಿ ಬಾಳಿದ ಜನ ಏನು ತಿಂದರು, ನೀರನ್ನು ಎಲ್ಲಿ ಹುಡುಕಿದರು ಎಂಬುದೆಲ್ಲ ಅವರಿಗೆ ಪಕ್ಕದ ಮನೆಯ ಸಮಾಚಾರವಿದ್ದಂತೆ. ಏನಾದರೂ ಕಂಡರೆ ಎತ್ತಿಕೊಳ್ಳುತ್ತಿರಲಿಲ್ಲ. ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗುತ್ತಿದ್ದರು.

"ಕಲ್ಲು ಮೇಲಕ್ಕೆ ಬರ್ಬಾರ್ದು ಕಣೋ, ನಾವು ಕೆಳಗೆ ಹೋಗ್ಬೇಕು." ಇದು ಅವರ ಏಕೈಕ ಉಪದೇಶ.

೨೦೧೨ರಲ್ಲಿ ಗಣಿ ಕಂಪನಿಯ ಭೂವಿಜ್ಞಾನಿಯಾಗಿ ನಾನು ಅವರ ಜೊತೆ ಮರುಭೂಮಿಗೆ ಹೋದೆ. ಕಂಪನಿ ಅಗೆಯುವ ಮೊದಲು ಅಲ್ಲಿ ಹಳೆಯ ಜನರ ಕುರುಹುಗಳಿವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಆ ನೆಲದ ಮೂಲನಿವಾಸಿ ಹಿರಿಯಾಕೆಯೊಬ್ಬರು ಅವರನ್ನು ನಂಬಿ ದಾರಿ ತೋರಿಸುತ್ತಿದ್ದರು.

ನಮ್ಮ ಭೂವಿಜ್ಞಾನಿಗಳ ಕುಲಕ್ಕೊಂದು ಪವಿತ್ರ ಆಚಾರವಿದೆ: ಕಲ್ಲು ಕಂಡರೆ ಸುತ್ತಿಗೆಯಿಂದ ಒಡೆದು ಒಳಮೈ ನೋಡುವುದು. ಊಟವಾಗಿ ಎಲ್ಲರೂ ನೆರಳಲ್ಲಿದ್ದಾಗ ನನಗೊಂದು ನುಣುಪಾದ ಚಪ್ಪಡಿ ಕಂಡಿತು. ಆಚಾರ ನೆರವೇರಿಸಿದೆ. ಎರಡು ಹೋಳಾದ ಮೇಲೆ ನಡುವಿನ ತಗ್ಗು ಕಣ್ಣಿಗೆ ಬಿತ್ತು. ತಲೆಮಾರುಗಟ್ಟಲೆ ಹೆಂಗಸರು ಹುಲ್ಲಿನ ಬೀಜ ಅರೆದು ಸವೆಸಿದ ಕಲ್ಲು ಅದು.

ಆಂಟಿ ಬಂದು ಬಗ್ಗಿ ನೋಡಿದರು. ಇದರ ಮೇಲೆ ಗಾಡಿ ಹತ್ತಿ ಹೋಗಿರಬೇಕು ಎಂದೆ. ಗಾಡಿ ಒಂದು ಕಿಲೋಮೀಟರ್ ಆಚೆ ನಿಂತಿತ್ತು. ಅವರು ಆ ಕಡೆ ನೋಡಲೂ ಇಲ್ಲ, ನನ್ನ ಸೊಂಟದ ಸುತ್ತಿಗೆಯನ್ನೂ ನೋಡಲಿಲ್ಲ. ಹಿರಿಯಾಕೆಯ ಬಳಿಗೆ ಹೋಗಿ, ತನ್ನ ತಂಡದಿಂದಾದ ತಪ್ಪು, ಹೊಣೆ ತನ್ನದು ಎಂದರು. ಆಕೆ ಬಂದು ಹೋಳುಗಳನ್ನು ಸವರಿ ಹೊರಟುಹೋದರು. ಮತ್ತೆಂದೂ ಆಂಟಿಯನ್ನು ಆ ನೆಲಕ್ಕೆ ಕರೆಯಲಿಲ್ಲ. ಹದಿನೆಂಟು ವರ್ಷಗಳ ಸಂಶೋಧನೆ ಅಲ್ಲಿಗೆ ನಿಂತಿತು. ನನಗೆ ಆ ವರ್ಷ ಬಡ್ತಿ ಬಂತು.

ನಿವೃತ್ತರಾಗಿ ಅವರು ಅಡಿಲೇಡಿನಲ್ಲಿದ್ದ ಮಗಳ ಮನೆ ಸೇರಿದರು. ಐದು ವರ್ಷ ತಪ್ಪೊಪ್ಪಿಗೆಯ ಒಂದೇ ಒಂದು ವಾಕ್ಯವನ್ನು ತಿದ್ದಿ ತೀಡಿ, ಅದನ್ನು ಒಪ್ಪಿಸಲೆಂದೇ ಪರ್ತಿನಿಂದ ವಿಮಾನ ಹತ್ತಿ ಅಲ್ಲಿಗೆ ಹೋದೆ. ಅದೇ ಕೊನೆಯ ಭೇಟಿ. ಮರುವರ್ಷ ಆಂಟಿ ತೀರಿಕೊಂಡರು.

ಆ ಭೇಟಿಯ ದಿನ ಆಂಟಿ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟು, "ಏನೋ ಹೇಳಕ್ಕೆ ಬಂದಿದೀಯ ಅನ್ಸತ್ತೆ" ಎಂದರು.

"ಏನಿಲ್ಲ ಆಂಟಿ, ಹೀಗೇ ಈ ಕಡೆ ಬಂದಿದ್ದೆ."

"ಪರ್ತಿಂದ?"

"ಹೂಂ."

"ಗಾಡಿ ಹತ್ತಿದ್ರೆ ಕಲ್ಲು ಹಾಗೆ ಒಡೆಯಲ್ಲ ಕಣೋ" ಎಂದರು, ಇನ್ನೊಂದು ಸೌಟು ಬಡಿಸುತ್ತ.

ಜೀವಮಾನವಿಡೀ ನೆಲ ನೋಡಿದ ಆಂಟಿ ಆವತ್ತು ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ಕಾದರು. ಮಗಳ ಮನೆಯ ಟೈಲ್ಸ್ ನೆಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಾನು ಅದನ್ನೇ ನೋಡುತ್ತ, ಉಪ್ಪಿಟ್ಟು ಪೂರ್ತಿ ತಿಂದೆ.