ಹಾಗೇ ಬಿಟ್ಟ ನೀಲಿ ಗುಳಿಗೆ

ಕಾರಣ ತಿಳಿಯದ ಅನುಭವಗಳನ್ನು ಹೇಳಿಕೊಳ್ಳುವವರು ಸಿಕ್ಕರೆ ನನ್ನ ಮನಸ್ಸಿನಲ್ಲಿ ಮೊದಲು ಏಳುತ್ತಿದ್ದುದು ಅಡ್ಡಪ್ರಶ್ನೆಗಳೇ. ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ? ನಡೆದದ್ದನ್ನು ಎಷ್ಟು ಸಲ ಹೇಳಿದ್ದೀರಿ, ಹೇಳುತ್ತ ಹೇಳುತ್ತ ಎಷ್ಟು ಬೆಳೆಸಿದ್ದೀರಿ? ಈಗ ಅವೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ದಿನಕ್ಕೊಂದು ಬರುತ್ತದೆ. ಇನ್ನಷ್ಟು ಬೆಳೆಯುವ ಮೊದಲು ಬರೆದುಬಿಡುವುದು ಮೇಲು.

ನನಗೊಂದು ಹುಚ್ಚಿದೆ. ನಾವು ಚಿಕ್ಕವರಿದ್ದಾಗ ಮಾರ್ಕೆಟ್ಟಿನ ಪಾರ್ಲರುಗಳಲ್ಲಿ ನಿಂತು ಆಡುತ್ತಿದ್ದ, ವಿಮಾನದಿಂದ ಗುಂಡು ಹಾರಿಸುವ ವಿಡಿಯೋ ಗೇಮುಗಳು ಈಗ ವಿಶೇಷ ಆವೃತ್ತಿಗಳಾಗಿ ಮತ್ತೆ ಬರುತ್ತಿವೆ. ದಪ್ಪ ಡಬ್ಬಿ, ಒಳಗೆ ಚಿತ್ರಗಳ ಪುಸ್ತಕ, ಸಂಗೀತದ ಡಿಸ್ಕ್. ನಾನು ಅವನ್ನು ಕೊಂಡು, ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿಯದೆ ಕಪಾಟಿನಲ್ಲಿಡುತ್ತೇನೆ. ಸಂಗ್ರಹ ಮಾಡುವವರ ಕಣ್ಣಲ್ಲಿ, ತೆರೆದ ಡಬ್ಬಿ ಕೆಟ್ಟ ಡಬ್ಬಿ. “ಆಡೋದಿಲ್ಲ, ಮಾರೋದಿಲ್ಲ. ಉಪ್ಪಿನಕಾಯಿನಾದ್ರೂ ಹಾಕಿ ಅದರಲ್ಲಿ,” ಎನ್ನುತ್ತಾಳೆ ಹೆಂಡತಿ ವೀಣಾ.

ಈ ಹುಚ್ಚಿನ ಮೂಲ ನನ್ನ ಅಣ್ಣ. ಅಪ್ಪ ಸರ್ಕಾರಿ ನೌಕರಿಗೆಂದು ದಿಲ್ಲಿಗೆ ಬಂದವರು. ನಾವು ಬೆಳೆದದ್ದು ಜನಕಪುರಿಯಲ್ಲಿ. ಇಬ್ಬರಿಗೂ ಸೇರಿ ಒಂದೇ ಟೋಕನ್ ಸಿಗುತ್ತಿದ್ದುದರಿಂದ ಒಂದೇ ಆಟವನ್ನು ಹಂಚಿಕೊಳ್ಳುತ್ತಿದ್ದೆವು. ಎಡಗಡೆ ನಿಂತು, ಸ್ಟಿಕ್ ಹಿಡಿದು ವಿಮಾನ ನಡೆಸುವವನು ಅಣ್ಣ. ಬಲಗಡೆ ನಿಂತು, ಬಟನ್ ಒತ್ತಿ ಗುಂಡು ಹಾರಿಸುವವನು ನಾನು. ಆ ಆಟದಲ್ಲಿ ಆಗಾಗ ಒಂದು ನೀಲಿ ಗುಳಿಗೆ ತೇಲಿಬರುತ್ತದೆ. ಮುಟ್ಟಿದರೆ ವಿಮಾನದ ವೇಗ ಹೆಚ್ಚುತ್ತದೆ. ಎಲ್ಲರೂ ಅದರ ಮೇಲೆ ಬೀಳುತ್ತಿದ್ದರು. ಅಣ್ಣ ಮಾತ್ರ ಪಕ್ಕಕ್ಕೆ ಸರಿದು ಅದನ್ನು ಹೋಗಗೊಡುತ್ತಿದ್ದ. “ತಗೊಳ್ಳೋ!” ಎಂದು ನಾನು ಕಿರುಚಿದರೆ, “ಬೇಡ ಕಣೋ, ಆಮೇಲೆ ವಿಮಾನ ಕೈಗೆ ಸಿಗಲ್ಲ,” ಎನ್ನುತ್ತಿದ್ದ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವನು ಡೆಂಗ್ಯೂ ಬಂದು ತೀರಿಕೊಂಡ. ಅವನ ದನಿ ಈಗ ನೆನಪಿಲ್ಲ. ನೆನಪಿರುವ ಮುಖ ಫೋಟೋದ್ದು. ಉಳಿದದ್ದು ಈ ಆಟವೊಂದೇ. ನಮ್ಮ ಜೊತೆಗೇ ಇರುವ ಅಮ್ಮ ಅದನ್ನೂ ಒಪ್ಪುವುದಿಲ್ಲ. “ಅವನು ಆ ಅಂಗಡಿ ಮೆಟ್ಟಿಲು ಹತ್ತಿದವನೇ ಅಲ್ಲ. ಟ್ಯೂಷನ್ನಿಗೆ ಹೋಗ್ತಿದ್ದ. ಅಲ್ಲಿ ಬಿದ್ದಿರ್ತಿದ್ದವನು ನೀನೊಬ್ಬನೇ.” ಅಮ್ಮನ ನೆನಪು ಗಟ್ಟಿ. ಹಾಗಾದರೆ ನಾನು ಒಬ್ಬನೇ ಆಡಿ, ಪಕ್ಕದಲ್ಲಿ ಅಣ್ಣನನ್ನು ಆಮೇಲೆ ತಂದು ನಿಲ್ಲಿಸಿಕೊಂಡೆನೇ?

ಕೆಲವು ವರ್ಷಗಳ ಹಿಂದೆ ಅದೇ ಆಟದ ವಿಶೇಷ ಆವೃತ್ತಿ ಬಂತು. ಜೊತೆಗೆ ಪಾರ್ಲರಿನಲ್ಲಿದ್ದಂಥದೇ ಒಂದು ಹಲಗೆ: ಎಡಕ್ಕೆ ಸ್ಟಿಕ್, ಬಲಕ್ಕೆ ಬಟನ್. ಆ ಒಂದು ಡಬ್ಬಿಯ ಹೊದಿಕೆಯನ್ನು ಮಾತ್ರ ಹರಿದೆ. ಡಿಸೆಂಬರಿನ ಭಾನುವಾರ, ಸಂಜೆ. ಘಾಜಿಯಾಬಾದಿನ ನಮ್ಮ ಫ್ಲ್ಯಾಟಿನ ಕಿಟಕಿಗಳೆಲ್ಲ ಹೊಗೆಗೆ ಹೆದರಿ ಮುಚ್ಚಿದ್ದವು. ಸೋಫಾದಲ್ಲಿ ರಜಾಯಿ ಹೊದ್ದು, ಹಲಗೆಯನ್ನು ಟೀಪಾಯಿಯ ಮೇಲಿಟ್ಟು ಆಟ ಶುರುಮಾಡಿದೆ.

ಎಷ್ಟು ಹೊತ್ತು ಆಡಿದೆನೋ ತಿಳಿಯದು. ವಿಮಾನ ಗುಂಡುಗಳ ನಡುವೆ ನುಸುಳುತ್ತಿತ್ತು, ನಾನು ಬಟನ್ ಒತ್ತುತ್ತಿದ್ದೆ. ನೀಲಿ ಗುಳಿಗೆ ಬಂತು. ವಿಮಾನ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಇನ್ನೊಂದು ಬಂತು. ಅದಕ್ಕೂ ಬಿಟ್ಟಿತು. “ತಗೊಳ್ಳೋ,” ಎಂದು ಗೊಣಗಿದ್ದು ನಾನೇ ಇರಬೇಕು.

ಹಿಂದಿನಿಂದ ಮಗಳು ತನ್ವಿ ಕೇಳಿದಳು. ಆಗಿನ್ನೂ ಚಿಕ್ಕವಳು. “ಪಪ್ಪಾ, ಏಕ್ ಹಾಥ್ ಸೇ? ಒಂದೇ ಕೈಯಲ್ಲಿ ಹೇಗೆ ಆಡ್ತಾ ಇದೀರಾ?”

ನೋಡಿಕೊಂಡೆ. ನನ್ನ ಎಡಗೈ ರಜಾಯಿಯೊಳಗೆ, ತೊಡೆಯ ಕೆಳಗೆ ಬೆಚ್ಚಗಿತ್ತು. ಸ್ಟಿಕ್ಕಿನ ಮೇಲೆ ಯಾರ ಕೈಯೂ ಇರಲಿಲ್ಲ. ತೆರೆಯ ಮೇಲೆ ವಿಮಾನ ಇನ್ನೂ ಒಂದೆರಡು ಗುಂಡು ತಪ್ಪಿಸಿಕೊಂಡು, ಆಮೇಲೆ ನಿಂತು, ಸಿಡಿಯಿತು.

ಕಾರಣ ಹುಡುಕದೆ ಬಿಟ್ಟಿಲ್ಲ. ಯಾರೂ ಆಡದಿದ್ದಾಗ ಇಂಥ ಆಟಗಳು ತಾವೇ ಆಡಿ ತೋರಿಸುತ್ತವೆ. ಅದನ್ನೇ ನೋಡುತ್ತ ನಾನು ಸುಮ್ಮನೆ ಬಟನ್ ಒತ್ತುತ್ತಿದ್ದೆನೇ? ಮರುದಿನ ಆ ಮಾದರಿ ಆಟವನ್ನು ಮತ್ತೆ ಮತ್ತೆ ನೋಡಿದೆ. ಅದರಲ್ಲಿ ವಿಮಾನ ಹಸಿದವರ ಹಾಗೆ ನೀಲಿ ಗುಳಿಗೆಯ ಮೇಲೆ ಬೀಳುತ್ತದೆ. ಸ್ಟಿಕ್ ಕೆಟ್ಟಿರಬಹುದೆಂದು ರಿಪೇರಿ ಅಂಗಡಿಗೆ ಒಯ್ದೆ. “ಏಕ್‌ದಮ್ ಠೀಕ್ ಹೈ, ಭಯ್ಯಾ,” ಎಂದು ಹಿಂದಕ್ಕೆ ಕೊಟ್ಟರು. ಮಗಳು ಕೇಳುವ ಕ್ಷಣಕ್ಕೆ ಮೊದಲು ನಾನೇ ಕೈ ಒಳಗೆಳೆದುಕೊಂಡಿರಬಹುದು. ಮೊದಮೊದಲು “ಹೌದು, ನೋಡಿದೆ” ಎನ್ನುತ್ತಿದ್ದ ತನ್ವಿ, ಈಗ ಕೇಳಿದರೆ, “ಯಾದ್ ನಹೀ, ಪಪ್ಪಾ, ನೆನಪಿಲ್ಲ. ನೀವೇ ಎಷ್ಟೋ ಸಲ ಹೇಳಿದೀರಲ್ಲ,” ಎನ್ನುತ್ತಾಳೆ. ಇದ್ದ ಒಬ್ಬ ಸಾಕ್ಷಿಯನ್ನು ಕೇಳಿ ಕೇಳಿ ನಾನೇ ಕೆಡಿಸಿದೆ.

ವೇಗದ ಗುಳಿಗೆಯನ್ನು ಬಿಟ್ಟದ್ದನ್ನೂ ಸೇರಿಸಿ ಅಮ್ಮನಿಗೂ ಹೇಳಿದೆ. ಬಟಾಣಿ ಸುಲಿಯುತ್ತಿದ್ದ ಕೈ ನಿಂತಿತು. “ಅವನು ಅಲ್ಲಿಗೆ ಹೋಗಿರ್ಲಿಲ್ಲ,” ಎಂದಳು, ಯಾವಾಗಲಿನಂತೆಯೇ. ಮತ್ತೆ ಬಟಾಣಿಗೆ ಕೈಹಾಕಿ, “ಆದ್ರೆ ವೇಗ ಅಂದ್ರೆ ಅವನಿಗೆ ಭಯ ಕಣೋ. ಇಳಿಜಾರು ಬಂದ್ರೆ ಸೈಕಲ್ಲಿಂದ ಇಳಿದು ತಳ್ಕೊಂಡು ಬರ್ತಿದ್ದ. ನಿಂಗೆ ಯಾರು ಹೇಳಿದ್ರು ಇದನ್ನ?”

ಯಾರೂ ಹೇಳಿರಲಿಲ್ಲ. ಅಥವಾ ಯಾವಾಗಲೋ ಅವಳೇ ಹೇಳಿ ಮರೆತಿರಬಹುದು.

ಪರೀಕ್ಷೆ ಸುಲಭ. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬಟನ್ ಒತ್ತಿದರಾಯಿತು. ಆದರೆ ವಿಮಾನ ಅಲುಗದೆ ನಿಂತು ಸಿಡಿದರೆ? ಆ ಸಂಜೆಯ ಜೊತೆಗೆ ಪಾರ್ಲರಿನ ಅಣ್ಣನೂ ಹೋಗಿಬಿಡುತ್ತಾನೆ. ಭಾನುವಾರ ಬಂದರೆ ಟಿವಿಯಲ್ಲಿ ಆಟ ಹಾಕುತ್ತೇನೆ. ಸೋಫಾದ ಬಲತುದಿಯಲ್ಲಿ ಕೂತು ಬಟನ್ ಮೇಲೆ ಬೆರಳಿಡುತ್ತೇನೆ. ಒತ್ತಲು ಆಗುವುದಿಲ್ಲ, ಎದ್ದು ಹೋಗಲೂ ಆಗುವುದಿಲ್ಲ. “ಒಂದೋ ಆಡಿ, ಇಲ್ಲಾ ಏಳಿ. ನಾನು ಸೀರಿಯಲ್ ಹಾಕ್ಬೇಕು,” ಎಂದು ರೇಗುತ್ತ ವೀಣಾ ನನ್ನ ಎಡಗಡೆ ಕೂರಲು ಬರುತ್ತಾಳೆ. ಯಾಕೋ, ಪ್ರತಿ ಸಲವೂ, “ಅಲ್ಲಿ ಬೇಡ” ಎಂಬ ಮಾತು ಬಾಯಿಂದ ಬಂದುಬಿಡುತ್ತದೆ.